ವಿದ್ಯಾರ್ಥಿವೇತನದ ಅರ್ಜಿ ಹೊತ್ತಿಗೆ ಸರಿಯಾಗಿ ಮಂಜೂರಾಗಬೇಕಾದರೆ

ಅಡಿಕೆ ತೋಟಕ್ಕೆ ಬೋರ್ಡೋ ಮದ್ದು ಬಿಡುವ ಕ್ರಮವನ್ನು ನಮ್ಮ ಭಾಗದವರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, ನಲ್ವತ್ತು ನಲ್ವತ್ತೈದು ದಿವಸ ಕಳೆದು ಇನ್ನೊಂದು ಸಲ. ಅದೇ ಮದ್ದು, ಅದೇ ಖರ್ಚು, ಅದೇ ಆಳು. ಆದರೆ ಕೊಳೆರೋಗ ತಗಲಿ ಕಾಯಿ ಉದುರಿದ ಮೇಲೆ ಬಿಟ್ಟರೆ ಫಲವೇನು? ಕಾಲೇಜು ಮಕ್ಕಳಿಗೆ ಸರ್ಕಾರ ಕೊಡುವ ವಿದ್ಯಾರ್ಥಿವೇತನದ ಸಂಗತಿಯೂ ಹೀಗೆಯೇ. ಮೊತ್ತ ಎಷ್ಟು ಎನ್ನುವುದು ಹೇಗೆ ಮುಖ್ಯವೋ, ಯಾವಾಗ ಕೈಸೇರುತ್ತದೆ ಎನ್ನುವುದೂ ಅಷ್ಟೇ ಮುಖ್ಯ.

ಅಳದಂಗಡಿ ಸುತ್ತಿನ ಗ್ರಾಮಗಳಿಂದ ಬೆಳ್ತಂಗಡಿ, ಉಜಿರೆ, ಮೂಡುಬಿದಿರೆ, ಮಂಗಳೂರುಗಳ ಕಾಲೇಜಿಗೆ ಮಕ್ಕಳು ಹೋಗುತ್ತಿದ್ದಾರೆ. ಶುಲ್ಕ, ಪುಸ್ತಕ, ಬಸ್ಸು, ವಿದ್ಯಾರ್ಥಿನಿಲಯದ ಖರ್ಚು ಎಲ್ಲವೂ ಬರುವುದು ಮಳೆಗಾಲದ ಆರಂಭಕ್ಕೆ. ಕಾರ್ತೆಲ್ ಮತ್ತು ಆಟಿ ತಿಂಗಳುಗಳು ಕೃಷಿಕನ ಕೈ ಬರಿದಾಗಿರುವ ಕಾಲವೆಂಬುದು ಎಲ್ಲರೂ ಬಲ್ಲ ಮಾತು. ಆಗ ಹಣ ಬಾರದಿದ್ದರೆ, ದರ ಏರಲಿ ಎಂದು ಕಾದಿಟ್ಟ ಚಾಲಿ ಅಡಿಕೆಯನ್ನು ದರ ನೋಡದೆ ಅಂಗಡಿಗೆ ಹಾಕಬೇಕು, ಇಲ್ಲವೆ ಸಾಲ ಎತ್ತಬೇಕು. ಹತ್ತು ಸಾವಿರ ರೂಪಾಯಿಯನ್ನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ ತಂದು ಹತ್ತು ತಿಂಗಳ ಬಳಿಕ ತೀರಿಸಿದರೆ ಬಡ್ಡಿಯೇ 2,000 ರೂಪಾಯಿ. ಸರ್ಕಾರ ಹತ್ತು ಸಾವಿರ ಕೊಟ್ಟರೂ ವಿದ್ಯೆಗೆ ದಕ್ಕಿದ್ದು ಎಂಟು ಸಾವಿರ ಮಾತ್ರ. ಮಾರುವುದಕ್ಕೆ ಅಡಿಕೆಯೂ ಇಲ್ಲದ, ಸಾಲ ಕೊಡುವವರೂ ಇಲ್ಲದ ಮನೆಯಲ್ಲಿ ಪಿ.ಯು.ಸಿ. ಮುಗಿಸಿದ ಮಗಳು ಮನೆಯಲ್ಲೇ ಉಳಿಯುತ್ತಾಳೆ. ಮಾರ್ಚಿಯಲ್ಲಿ ಬರುವ ಹಣ ಅವಳನ್ನು ಪುನಃ ತರಗತಿಗೆ ಕರೆತರಲಾರದು.

ಆದುದರಿಂದ ಅರ್ಜಿ ಯಾವ ಹಾದಿಯಲ್ಲಿ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ, ನಿಂತರೆ ಯಾರನ್ನು ಕೇಳಬೇಕು ಎಂಬುದನ್ನು ಪ್ರತಿಯೊಂದು ಮನೆಯವರೂ ತಿಳಿದಿರುವುದು ಒಳ್ಳೆಯದು.

ಈ ನೆರವು ಎಲ್ಲಿಂದ ಬಂತು?

ವಿದ್ಯಾರ್ಥಿವೇತನ ಯಾರೂ ಕೊಡುವ ದಾನವಲ್ಲ. ಬಡವರ ಮಕ್ಕಳು ಕೂಲಿ ಬಿಟ್ಟು ಕಲಿಯಲು ಬಂದರೆ ಅವರ ಹೊಟ್ಟೆಯ ಚಿಂತೆಯನ್ನೂ ಸಮಾಜ ನೋಡಿಕೊಳ್ಳಬೇಕೆಂಬ ತಿಳಿವಳಿಕೆ ನಮ್ಮ ಜಿಲ್ಲೆಯಲ್ಲಿ ಹಳೆಯದು. ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ದಲಿತರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸಂಸ್ಥೆಯನ್ನು ಸ್ಥಾಪಿಸಿ ಶಾಲೆಗಳನ್ನು ನಡೆಸಿದರು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಆರಂಭವಾಯಿತು. ಡಾ. ಬಿ.ಆರ್. ಅಂಬೇಡ್ಕರರು ಆಗ ವೈಸರಾಯರ ಕಾರ್ಯಕಾರಿ ಮಂಡಲಿಯ ಸದಸ್ಯರಾಗಿದ್ದರು. ಆ ಯೋಜನೆ ಇಂದಿಗೂ ನಡೆಯುತ್ತಿದೆ.

2013–14ರಲ್ಲಿ ಕರ್ನಾಟಕ ಸರ್ಕಾರವು ವಿದ್ಯಾಸಿರಿ ಯೋಜನೆಯನ್ನು ತಂದಿತು. ವಿದ್ಯಾರ್ಥಿನಿಲಯದಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ ವಸತಿಗಾಗಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವುದೆಂದು ಆಗ ಗೊತ್ತಾಯಿತು. 2021ರಲ್ಲಿ ಕೃಷಿಕರ ಮಕ್ಕಳಿಗೆಂದೇ ರೈತ ವಿದ್ಯಾನಿಧಿ ಆರಂಭವಾಯಿತು. ಆಗ ಗೊತ್ತುಪಡಿಸಿದ ದರದಂತೆ ಪದವಿ ಓದುವ ಹುಡುಗನಿಗೆ ವರ್ಷಕ್ಕೆ 5,000, ಹುಡುಗಿಗೆ 5,500 ರೂಪಾಯಿ. ವೈದ್ಯಕೀಯ, ಇಂಜಿನಿಯರಿಂಗ್ ಮತ್ತು ಸ್ನಾತಕೋತ್ತರ ಓದುವವರಿಗೆ 10,000 ಮತ್ತು 11,000 ರೂಪಾಯಿ. ಈ ವರ್ಷ ಅದರ ನಿಯಮ ಏನಿದೆಯೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಳ್ಳತಕ್ಕದ್ದು.

ಬೀಡಿ ಕಟ್ಟುವ ತಾಯಂದಿರು ನಮ್ಮ ಗ್ರಾಮಗಳಲ್ಲಿ ಬಹಳ ಮಂದಿ ಇದ್ದಾರೆ. ಅವರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯದ ವಿದ್ಯಾರ್ಥಿವೇತನವಿದೆ. ಇತ್ತೀಚಿನ ವರ್ಷಗಳ ದರದಂತೆ ಪದವಿಗೆ ವರ್ಷಕ್ಕೆ 6,000, ವೃತ್ತಿ ಶಿಕ್ಷಣಕ್ಕೆ 25,000 ರೂಪಾಯಿ. ತಾಯಿಯ ಬೀಡಿ ಕಾರ್ಡು ಇದಕ್ಕೆ ಮುಖ್ಯ ಆಧಾರ. ಪಿ.ಯು.ಸಿ.ಯಲ್ಲಿ ಒಳ್ಳೆಯ ಅಂಕ ಪಡೆದವರಿಗೆ ಜಾತಿಯ ಭೇದವಿಲ್ಲದೆ ಕೇಂದ್ರ ಸರ್ಕಾರದ ಇನ್ನೊಂದು ವೇತನವೂ ಇದೆ. ಇದನ್ನು 2022–23ರಿಂದ ಪದವಿಗೆ ವರ್ಷಕ್ಕೆ 12,000 ರೂಪಾಯಿಗೆ ಏರಿಸಿದ್ದಾರೆ.

ಅರ್ಜಿ ಆರು ಕೈ ದಾಟಬೇಕು

ಹಿಂದೆ ಅಚ್ಚಾದ ನಮೂನೆಯಲ್ಲಿ ಬರೆದು ಪ್ರಾಂಶುಪಾಲರ ಮೂಲಕ ಕಳುಹಿಸಿದರೆ ಮುಗಿಯಿತು. ಈಗ ರಾಜ್ಯ ಸರ್ಕಾರದ ವೇತನಗಳಿಗೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ, ಅಂದರೆ ಜನರು ಎಸ್.ಎಸ್.ಪಿ. ಎಂದು ಕರೆಯುವ ಜಾಲತಾಣವಿದೆ. ಬೀಡಿ ಕಾರ್ಮಿಕರ ಮಕ್ಕಳ ವೇತನ ಮುಂತಾದ ಕೇಂದ್ರದವುಗಳಿಗೆ ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣ, ಅಂದರೆ ಎನ್.ಎಸ್.ಪಿ. ಇದೆ. ಕಾಗದ ಹೋಗಿ ಕಂಪ್ಯೂಟರ್ ಬಂದರೂ ಅರ್ಜಿ ಹಲವು ಕೈ ದಾಟಲೇಬೇಕು.

1. ನಾಡಕಚೇರಿ. ಜಾತಿ ಮತ್ತು ಆದಾಯದ ಪ್ರಮಾಣಪತ್ರ ಇಲ್ಲಿಂದ ಬರತಕ್ಕದ್ದು. ಹಿಂದಿನ ಶ್ಯಾನುಭೋಗರ ಜಾಗದಲ್ಲಿ ಈಗಿರುವ ಗ್ರಾಮ ಆಡಳಿತಾಧಿಕಾರಿಗಳು ವರದಿ ಕೊಡಬೇಕು, ಕಂದಾಯ ನಿರೀಕ್ಷಕರು ನೋಡಬೇಕು, ಉಪತಹಶೀಲ್ದಾರರು ಸಹಿ ಮಾಡಬೇಕು. ಪತ್ರದ ಮೇಲಿರುವ ಆರ್.ಡಿ. ಸಂಖ್ಯೆಯೇ ಮುಂದಿನ ಎಲ್ಲ ಕೆಲಸಕ್ಕೂ ಬೀಗದ ಕೈ.

2. ವಿದ್ಯಾರ್ಥಿ. ಆಧಾರ್, ಆರ್.ಡಿ. ಸಂಖ್ಯೆ, ಕಾಲೇಜಿನ ನೋಂದಣಿ ಸಂಖ್ಯೆ ಇವುಗಳನ್ನು ಸರಿಯಾಗಿ ತುಂಬಿ ಸಲ್ಲಿಸುವುದು ವಿದ್ಯಾರ್ಥಿಯ ಕೆಲಸ.

3. ಕಾಲೇಜು. ಈ ವಿದ್ಯಾರ್ಥಿ ನಮ್ಮಲ್ಲಿ ಇಂಥ ತರಗತಿಯಲ್ಲಿ ಇದ್ದಾನೆ, ಶುಲ್ಕ ಇಷ್ಟು ಎಂದು ಕಾಲೇಜಿನವರು ತಾಳೆ ನೋಡಿ ದೃಢೀಕರಿಸಬೇಕು. ಕಾಲೇಜಿನವರು ದಾಖಲಾತಿಯ ವಿವರವನ್ನೇ ವಿಶ್ವವಿದ್ಯಾಲಯದ ವ್ಯವಸ್ಥೆಗೆ ಏರಿಸದಿದ್ದರೆ ವಿದ್ಯಾರ್ಥಿ ಎಷ್ಟು ಬೇಗ ಅರ್ಜಿ ಹಾಕಿದರೂ ಅದು ಮುಂದೆ ಹೋಗಲಾರದು.

4. ಇಲಾಖೆ. ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ – ವಿದ್ಯಾರ್ಥಿ ಯಾವ ವರ್ಗಕ್ಕೆ ಸೇರಿದವನೋ ಆ ಇಲಾಖೆಯ ಅಧಿಕಾರಿಗಳು ಪರಿಶೀಲಿಸಿ ಮಂಜೂರು ಮಾಡಬೇಕು.

5. ಖಜಾನೆ. ಮಂಜೂರಾತಿ ಆದ ಮಾತ್ರಕ್ಕೆ ಹಣ ಬಂತೆಂದಲ್ಲ. ಮುಂಗಡಪತ್ರದಲ್ಲಿ ಇಟ್ಟ ಹಣ ಕಂತು ಕಂತಾಗಿ ಬಿಡುಗಡೆಯಾಗಬೇಕು.

6. ಬ್ಯಾಂಕು. ಹಣ ನೇರವಾಗಿ ವಿದ್ಯಾರ್ಥಿಯ ಆಧಾರ್ ಜೋಡಣೆಯಾದ ಖಾತೆಗೆ ಹೋಗುತ್ತದೆ.

ಪರಿಶೀಲನೆಯೇ ಬೇಡವೆಂದು ಹೇಳುವಂತಿಲ್ಲ. ಸಾರ್ವಜನಿಕರ ಹಣ ಅರ್ಹರಲ್ಲದವರಿಗೆ ಹೋಗಬಾರದು. ಆದರೆ ಆರು ಕೈಗಳಲ್ಲಿ ಒಂದೊಂದೂ ಒಂದು ತಿಂಗಳು ತೆಗೆದುಕೊಂಡರೆ ಅರ್ಧ ವರ್ಷ ಹೋಯಿತು. ಒಬ್ಬೊಬ್ಬರನ್ನು ವಿಚಾರಿಸಿದರೆ ಯಾರದೂ ದೊಡ್ಡ ತಪ್ಪಿಲ್ಲ, ಒಟ್ಟಿನಲ್ಲಿ ಮಗುವಿನ ವರ್ಷ ಮಾತ್ರ ಕೆಟ್ಟಿತು. ಇದೇ ಈ ವ್ಯವಸ್ಥೆಯ ತೊಡಕು.

ಎಲ್ಲಿ ನಿಲ್ಲುತ್ತದೆ?

ಸಾಮಾನ್ಯವಾಗಿ ಅರ್ಜಿ ನಿಲ್ಲುವ ಸ್ಥಳಗಳು ಬೆರಳೆಣಿಕೆಯಷ್ಟೇ. ಇವುಗಳಲ್ಲಿ ಹೆಚ್ಚಿನವನ್ನು ಮೊದಲೇ ಸರಿಪಡಿಸಿಕೊಳ್ಳಬಹುದು.

ಹೆಸರಿನ ವ್ಯತ್ಯಾಸ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ, ಬ್ಯಾಂಕಿನಲ್ಲಿ ಮತ್ತೊಂದು ಬಗೆ. ನಮ್ಮ ಕಣ್ಣಿಗೆ ಎಲ್ಲವೂ ಒಂದೇ ಹುಡುಗಿಯ ಹೆಸರು. ಯಂತ್ರಕ್ಕೆ ಅವರು ಮೂವರು. ತಂದೆಯ ಹೆಸರಿನ ಮೊದಲಕ್ಷರ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಬಂದರೂ ಕೆಲಸ ಕೆಡಬಹುದು. ಇದನ್ನು ಹತ್ತನೆಯ ತರಗತಿ ಮುಗಿಯುವ ಮೊದಲೇ ನೋಡಿಕೊಳ್ಳುವುದು ಲೇಸು.

ಅವಧಿ ತೀರಿದ ಪ್ರಮಾಣಪತ್ರ. ಆದಾಯದ ಪ್ರಮಾಣಪತ್ರಕ್ಕೆ ಐದು ವರ್ಷದ ಆಯುಸ್ಸು. ಹೈಸ್ಕೂಲಿಗೆ ಸೇರುವಾಗ ಮಾಡಿಸಿದ್ದು ಪದವಿಯ ಮೊದಲನೆಯ ವರ್ಷಕ್ಕೇ ತೀರಿಹೋಗುತ್ತದೆ. ಅನೇಕರು ಇದನ್ನು ಅರ್ಜಿಯ ಕೊನೆಯ ವಾರದಲ್ಲಿ ಕಂಡುಕೊಳ್ಳುತ್ತಾರೆ. ಆಗ ಎಲ್ಲರೂ ಒಟ್ಟಿಗೆ ನಾಡಕಚೇರಿಗೆ ನುಗ್ಗುವುದರಿಂದ ಅಲ್ಲಿಯೂ ರಾಶಿ ಬೀಳುತ್ತದೆ.

ಬ್ಯಾಂಕು ಖಾತೆಯ ಗೊಂದಲ. ಒಬ್ಬರಿಗೆ ಎಷ್ಟು ಖಾತೆಯಿದ್ದರೂ ಸರ್ಕಾರದ ನೇರ ಹಣಕ್ಕಾಗಿ ಆಧಾರ್ ಜೋಡಣೆ ಒಂದು ಸಮಯಕ್ಕೆ ಒಂದೇ ಖಾತೆಗೆ. ಕೊನೆಗೆ ಯಾವ ಖಾತೆಗೆ ಜೋಡಿಸಿದರೋ ಹಣ ಅಲ್ಲಿಗೆ ಹೋಗುತ್ತದೆ. ಸೊಸೈಟಿಯ ಪಾಸ್‌ಪುಸ್ತಕ ಹಿಡಿದು ಹಣ ಬರಲಿಲ್ಲವೆಂದು ಕೊರಗುವವರ ಹಣ ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕಿನ ಖಾತೆಯಲ್ಲಿ ಕುಳಿತಿರುವುದುಂಟು. ಆಧಾರ್ ಸಂಖ್ಯೆ ಬ್ಯಾಂಕಿನಲ್ಲಿ ಬರೆದುಕೊಂಡ ಮಾತ್ರಕ್ಕೆ ಜೋಡಣೆಯಾಯಿತೆಂದು ತಿಳಿಯಬಾರದು. ‘ಸರ್ಕಾರದ ನೇರ ಹಣಕ್ಕೆ ಇದೇ ಖಾತೆ ಜೋಡಣೆಯಾಗಿದೆಯೇ?’ ಎಂದು ಸ್ಪಷ್ಟವಾಗಿ ಕೇಳತಕ್ಕದ್ದು.

ಅಜ್ಜನ ಹೆಸರಿನ ಪಹಣಿ. ರೈತ ವಿದ್ಯಾನಿಧಿಗೆ ಪ್ರತ್ಯೇಕ ಅರ್ಜಿಯೇ ಬೇಡವೆಂದು ಸರ್ಕಾರ ಹೇಳಿತ್ತು. ಕೃಷಿ ಇಲಾಖೆಯ ಫ್ರೂಟ್ಸ್ ದಾಖಲೆಯಲ್ಲಿ ತಂದೆ ಅಥವಾ ತಾಯಿಯ ಹೆಸರು ಇದ್ದರೆ ಹಣ ತಾನಾಗಿ ಬರುವ ಏರ್ಪಾಡು ಅದು. ಏರ್ಪಾಡು ಒಳ್ಳೆಯದೇ. ಆದರೆ ಭೂಮಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿಯೇ ಇದ್ದು, ತಂದೆಯವರಿಗೆ ರೈತರ ಗುರುತಿನ ಸಂಖ್ಯೆ ಸಿಗದಿದ್ದರೆ ಆ ಮನೆಯ ಮಗು ಪಟ್ಟಿಯ ಹೊರಗೆ. ಪಾಲುಪಟ್ಟಿ, ಪೌತಿ ಖಾತೆಯ ಕೆಲಸವನ್ನು ಮುಂದೂಡುತ್ತಾ ಬಂದವರು ಅದರ ನಷ್ಟ ಮಕ್ಕಳ ವಿದ್ಯೆಗೂ ತಟ್ಟುತ್ತದೆಂಬುದನ್ನು ಗಮನಿಸಬೇಕು.

ಎರಡು ಪಾಲಿನ ಹಣ. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವೇತನದಲ್ಲಿ ಕೇಂದ್ರದ ಪಾಲು ನೂರಕ್ಕೆ ಅರುವತ್ತು, ರಾಜ್ಯದ ಪಾಲು ನಲ್ವತ್ತು ಎಂದು ಕೇಂದ್ರ ಸಚಿವ ಸಂಪುಟವು 2020ರ ದಶಂಬರದಲ್ಲಿ ತೀರ್ಮಾನಿಸಿತು. 2021–22ರಿಂದ ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಖಾತೆಗೆ ಬರುತ್ತದೆ. ಆದರೆ ರಾಜ್ಯವು ತನ್ನ ಪಾಲು ಕೊಟ್ಟ ಮೇಲೆಯೇ ಅದು ಬಿಡುಗಡೆಯಾಗತಕ್ಕದ್ದು. ಹಾಗಾಗಿ ಮೊದಲು ಸ್ವಲ್ಪ ಹಣ ಬಂದು ಉಳಿದದ್ದು ತಡವಾದರೆ ‘ಯಾರೋ ತಿಂದರು’ ಎಂದು ಅವಸರದಿಂದ ತೀರ್ಮಾನಿಸಬೇಕಾಗಿಲ್ಲ. ಎರಡನೆಯ ಪಾಲು ಎಲ್ಲಿದೆಯೆಂದು ಕೇಳಬೇಕು.

ತಡ ಎಷ್ಟು ದುಬಾರಿ?

ತಡವೆಂಬುದು ನಮ್ಮ ಊರಿನ ಗೊಣಗಾಟ ಮಾತ್ರವಲ್ಲ. ಭಾರತದ ಮಹಾಲೇಖಪಾಲರು 2012ರಿಂದ 2017ರವರೆಗಿನ ಲೆಕ್ಕವನ್ನು ತಪಾಸಣೆ ಮಾಡಿ, ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಕುರಿತು 2018ರಲ್ಲಿ ವರದಿ ಕೊಟ್ಟರು. ತಪಾಸಣೆಯಾದ ಐದು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅರ್ಹ ವಿದ್ಯಾರ್ಥಿಗಳ ಸರಿಯಾದ ಪಟ್ಟಿ ಇಲ್ಲದಿರುವುದು, ಮುಂಚಿತವಾಗಿ ಯೋಜನೆ ಹಾಕಿಕೊಳ್ಳದಿರುವುದು, ಹಣ ಪಾವತಿಯಲ್ಲಿ ವಿಳಂಬ – ಇವನ್ನು ಆ ವರದಿ ಎತ್ತಿ ಹೇಳಿತು.

ತಡದಿಂದ ಹಣವೇ ಕಡಿಮೆಯಾಗುವ ಅಪಾಯವೂ ಇದೆ. ಕಟ್ಟಡ ಕಾರ್ಮಿಕರ ಮಕ್ಕಳಿಗೆ ರಾಜ್ಯದ ಕಲ್ಯಾಣ ಮಂಡಳಿ ಕೊಡುವ ಶೈಕ್ಷಣಿಕ ಸಹಾಯದ ಉದಾಹರಣೆಯನ್ನು ನೋಡಿರಿ. 2021ರಲ್ಲಿ ಗೊತ್ತಾದ ದರದ ಮೇರೆಗೆ ಅರ್ಜಿ ಹಾಕಿದವರಲ್ಲಿ ಕೆಲವರಿಗೆ ಹಣ ಬರಲೇ ಇಲ್ಲ. ಅಷ್ಟರಲ್ಲಿ 2023ರ ಅಕ್ಟೋಬರ್ ತಿಂಗಳಲ್ಲಿ ದರವನ್ನು ಬಹಳವಾಗಿ ಇಳಿಸಲಾಯಿತು. ಕೆಲವು ವಿದ್ಯಾರ್ಥಿನಿಯರು ಕರ್ನಾಟಕ ಹೈಕೋರ್ಟಿಗೆ ಹೋದರು. ಹಳೆಯ ದರ ಜಾರಿಯಲ್ಲಿದ್ದಾಗ ಹಾಕಿದ ಅರ್ಜಿಗೆ ಹಳೆಯ ದರದಂತೆಯೇ ಕೊಡಬೇಕೆಂದು 2024ರಲ್ಲಿ ತೀರ್ಪಾಯಿತು. ಹಕ್ಕು ಉಳಿಯಿತು, ಸಂತೋಷ. ಆದರೆ ನ್ಯಾಯಾಲಯದ ಮೆಟ್ಟಿಲು ಹತ್ತುವ ಶಕ್ತಿ ಎಷ್ಟು ಮನೆಗಳಿಗಿದೆ? ಅರ್ಜಿಯನ್ನು ಸಕಾಲದಲ್ಲಿ ಇತ್ಯರ್ಥ ಮಾಡಿದ್ದರೆ ಈ ವ್ಯಾಜ್ಯವೇ ಹುಟ್ಟುತ್ತಿರಲಿಲ್ಲ.

ಶ್ರೀಮಂತ ದೇಶಗಳಲ್ಲಿಯೂ ಈ ಕಷ್ಟ ತಪ್ಪಿದ್ದಲ್ಲ. ಅಮೆರಿಕದಲ್ಲಿ ಕಾಲೇಜು ನೆರವಿಗೆಂದು ಇಡೀ ದೇಶಕ್ಕೆ ಒಂದೇ ಅರ್ಜಿ ನಮೂನೆಯಿದೆ. ಅದನ್ನು ಸರಳಗೊಳಿಸಲು ಹೊರಟ ಅಲ್ಲಿನ ಶಿಕ್ಷಣ ಇಲಾಖೆಯು, ಅಕ್ಟೋಬರಿನಲ್ಲಿ ಸಿಗಬೇಕಾದ ನಮೂನೆಯನ್ನು 2023ರ ದಶಂಬರದ ಕೊನೆಗೆ ಬಿಟ್ಟಿತು. ವಿದ್ಯಾರ್ಥಿಗಳ ವಿವರ ಕಾಲೇಜುಗಳಿಗೆ ತಲುಪಲು 2024ರ ಮಾರ್ಚ್ ಬಂತು. ನೆರವು ಎಷ್ಟೆಂದು ತಿಳಿಯದೆ ಯಾವ ಕಾಲೇಜಿಗೆ ಸೇರಬೇಕೆಂದು ಮಕ್ಕಳು ತೀರ್ಮಾನಿಸುವುದು ಹೇಗೆ? ಮೊದಲ ಐದು ತಿಂಗಳಲ್ಲಿ ಸಹಾಯ ಕೇಂದ್ರಕ್ಕೆ ಬಂದ ಸುಮಾರು 54 ಲಕ್ಷ ದೂರವಾಣಿ ಕರೆಗಳಲ್ಲಿ 40 ಲಕ್ಷ ಕರೆಗಳಿಗೆ ಉತ್ತರವೇ ಸಿಗಲಿಲ್ಲವೆಂದು ಅಲ್ಲಿನ ಲೆಕ್ಕ ತಪಾಸಣಾ ಸಂಸ್ಥೆ ತಿಳಿಸಿತು. ಅರ್ಜಿಯನ್ನು ಸುಲಭ ಮಾಡುವುದು ಒಂದು ಕೆಲಸ, ಅದನ್ನು ಹೊತ್ತಿಗೆ ಸರಿಯಾಗಿ ಮುಗಿಸುವುದು ಇನ್ನೊಂದು ಕೆಲಸ. ಮೊದಲನೆಯದು ಎರಡನೆಯದಕ್ಕೆ ಬದಲಿಯಾಗದು.

ಕಾನೂನು ನಮ್ಮ ಕೈಗೆ ಕೊಟ್ಟಿರುವುದೇನು?

ಸಕಾಲ. ಗೊತ್ತಾದ ದಿನಗಳೊಳಗೆ ಸೇವೆ ಕೊಡಬೇಕೆಂಬ ಈ ಕಾನೂನು 2011ರದ್ದು. 2012ರ ಮಾರ್ಚ್ 1ರಂದು ಪ್ರಯೋಗಕ್ಕಾಗಿ ಆರಿಸಿದ ನಾಲ್ಕು ತಾಲೂಕುಗಳಲ್ಲಿ ನಮ್ಮ ಜಿಲ್ಲೆಯ ಪುತ್ತೂರೂ ಒಂದಾಗಿತ್ತು. ಎಪ್ರಿಲ್ 2ರಿಂದ ರಾಜ್ಯಕ್ಕೆಲ್ಲ ಜಾರಿಗೆ ಬಂತು. ಜಾತಿ, ಆದಾಯ ಪ್ರಮಾಣಪತ್ರಗಳು ಇದರ ವ್ಯಾಪ್ತಿಯಲ್ಲಿವೆ. ಅರ್ಜಿ ಕೊಟ್ಟೊಡನೆ ಸಂಖ್ಯೆಯಿರುವ ಸ್ವೀಕೃತಿ ಚೀಟಿ ಕೊಡಬೇಕು. ಅವಧಿ ಮೀರಿದರೆ ದಿವಸಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಇಪ್ಪತ್ತು ರೂಪಾಯಿ ದೊಡ್ಡ ಮೊತ್ತವಲ್ಲ. ಆದರೆ ತಡಕ್ಕೆ ಒಬ್ಬರು ಉತ್ತರ ಹೇಳಬೇಕೆಂಬುದು ದೊಡ್ಡ ಮಾತು. ಚೀಟಿ ಇಲ್ಲದವನಿಗೆ ಈ ಹಕ್ಕೂ ಇಲ್ಲ. ಆದಕಾರಣ ‘ನಾಳೆ ಬನ್ನಿ’ ಎಂಬ ಬಾಯಿಮಾತಿಗೆ ಒಪ್ಪಿ ಬರಬಾರದು, ಚೀಟಿ ಕೇಳಿ ತರಬೇಕು.

ಮಾಹಿತಿ ಹಕ್ಕು. 2005ರ ಕಾನೂನಿನಂತೆ 10 ರೂಪಾಯಿ ಶುಲ್ಕ ಕಟ್ಟಿ ಇಲಾಖೆಯನ್ನು ಬರಹದಲ್ಲಿ ಕೇಳಬಹುದು. 30 ದಿವಸದೊಳಗೆ ಉತ್ತರ ಕೊಡತಕ್ಕದ್ದು. ಬಡತನದ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಕೇಳುವ ಪ್ರಶ್ನೆ ಚಿಕ್ಕದಾಗಿರಲಿ: ಈ ಸಂಖ್ಯೆಯ ಅರ್ಜಿ ಯಾವ ತಾರೀಖಿಗೆ ನಿಮ್ಮಲ್ಲಿಗೆ ಬಂತು, ಈಗ ಯಾವ ಅಧಿಕಾರಿಯ ಬಳಿ ಇದೆ, ಬಾಕಿಯಿದ್ದರೆ ಕಾರಣವೇನು?

ಜನಸ್ಪಂದನ. 1902 ಎಂಬ ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸುವ ಏರ್ಪಾಡು 2021ರಲ್ಲಿ ಬಂದಿದೆ. ಇಲ್ಲಿಯೂ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು.

ವಿದ್ಯಾರ್ಥಿವೇತನದ ಪಂಚಾಂಗ

ಅರ್ಜಿಯ ಕೊನೆಯ ತಾರೀಖು ವರ್ಷ ವರ್ಷವೂ ಬದಲಾಗುತ್ತದೆ. ಆದರೆ ನಮ್ಮ ಸಿದ್ಧತೆಗೆ ಬೇಸಾಯದ ಪಂಚಾಂಗವೇ ಸಾಕು.

ಸುಗ್ಗಿ, ಪಗ್ಗು ತಿಂಗಳು: ಮಗುವಿನ ಹೆಸರು ಎಲ್ಲ ದಾಖಲೆಗಳಲ್ಲಿ ಒಂದೇ ರೀತಿ ಇದೆಯೇ ನೋಡಿ. ಪ್ರಮಾಣಪತ್ರಗಳ ಅವಧಿ ಮುಂದಿನ ವರ್ಷಕ್ಕೂ ಇದೆಯೇ ನೋಡಿ. ತೀರುವುದಿದ್ದರೆ ಆಗಲೇ ಹೊಸದಕ್ಕೆ ಅರ್ಜಿ ಕೊಡಿ. ಆಗ ನಾಡಕಚೇರಿಯಲ್ಲಿ ನೂಕುನುಗ್ಗಲೂ ಕಡಿಮೆ.

ಪತ್ತನಾಜೆಯೊಳಗೆ: ಬ್ಯಾಂಕಿಗೆ ಹೋಗಿ ಆಧಾರ್ ಜೋಡಣೆ ಯಾವ ಖಾತೆಗೆ ಎಂದು ಖಚಿತಪಡಿಸಿಕೊಳ್ಳಿ. ಬೀಡಿ ಕಾರ್ಡು, ಕಟ್ಟಡ ಕಾರ್ಮಿಕರ ಕಾರ್ಡು ಚಾಲ್ತಿಯಲ್ಲಿದೆಯೇ ಪರೀಕ್ಷಿಸಿ. ಫ್ರೂಟ್ಸ್ ಸಂಖ್ಯೆ ಇಲ್ಲದವರು ಮಾಡಿಸಿಕೊಳ್ಳಿ.

ಕಾಲೇಜಿಗೆ ಸೇರಿದೊಡನೆ: ವಿದ್ಯಾರ್ಥಿವೇತನ ನೋಡಿಕೊಳ್ಳುವ ಅಧ್ಯಾಪಕರು ಯಾರೆಂದು ಕೇಳಿ, ದಾಖಲಾತಿ ವಿವರ ಏರಿಸಿದ್ದಾರೆಯೇ ತಿಳಿಯಿರಿ.

ಜಾಲತಾಣ ತೆರೆದ ಮೊದಲನೆಯ ವಾರ: ಅರ್ಜಿ ಸಲ್ಲಿಸಿ. ಕೊನೆಯ ದಿವಸಗಳಲ್ಲಿ ಎಲ್ಲರೂ ಒಟ್ಟಿಗೆ ಬಂದು ಜಾಲತಾಣ ನಿಧಾನವಾಗುತ್ತದೆ. ಮಳೆಗಾಲದಲ್ಲಿ ವಿದ್ಯುತ್ ಮತ್ತು ನೆಟ್‌ವರ್ಕ್ ಎರಡೂ ನಮ್ಮ ಮಾತು ಕೇಳುವುದಿಲ್ಲ. ಅರ್ಜಿಯ ಪ್ರತಿಯನ್ನು ಅಚ್ಚು ತೆಗೆದಿಟ್ಟುಕೊಳ್ಳಿ.

ಅನಂತರ ಹದಿನೈದು ದಿವಸಕ್ಕೊಮ್ಮೆ: ಅರ್ಜಿಯ ಸ್ಥಿತಿ ನೋಡಿ. ದೋಷವಿದೆಯೆಂದು ಹಿಂದಕ್ಕೆ ಬಂದಿದ್ದರೆ ತಿದ್ದಿ ಕಳುಹಿಸಲು ಕೆಲವೇ ದಿವಸ ಇರುತ್ತದೆ. ವಿದ್ಯಾರ್ಥಿಗೆ ಒಂದು ಕೊನೆಯ ತಾರೀಖು ಇರುವಂತೆ ಕಾಲೇಜಿನ ಪರಿಶೀಲನೆಗೂ ಬೇರೆ ಕೊನೆಯ ತಾರೀಖು ಇರುವುದುಂಟು. ಅದು ತಪ್ಪಿದರೆ ವಿದ್ಯಾರ್ಥಿ ತನ್ನ ಕೆಲಸ ಮಾಡಿಯೂ ಕೆಟ್ಟಂತೆ.

ಕಚೇರಿಯ ಹೊಣೆ, ಊರಿನ ಹೊಣೆ

ಎಲ್ಲ ಹೊಣೆಯನ್ನೂ ಕೃಷಿಕನ ಹೆಗಲಿಗೆ ಹಾಕುವುದು ನ್ಯಾಯವಲ್ಲ. ಹಣ ಯಾವ ತಿಂಗಳಿಗೆ ಬೇಕೆಂಬುದನ್ನು ಕಚೇರಿಗಳು ಮೊದಲು ನೆನೆಯಬೇಕು. ಪ್ರತಿಯೊಂದು ಹಂತಕ್ಕೂ ದಿನದ ಮಿತಿ ಗೊತ್ತುಮಾಡಿ, ಯಾವ ಕಚೇರಿಯಲ್ಲಿ ಎಷ್ಟು ಅರ್ಜಿ ಎಷ್ಟು ದಿವಸದಿಂದ ಬಾಕಿಯಿವೆ ಎಂಬುದನ್ನು ತಿಂಗಳಿಗೊಮ್ಮೆ ಫಲಕದಲ್ಲಿ ಹಾಕಿದರೆ ಅರ್ಧ ತಡ ತಾನಾಗಿ ಹೋಗುವುದು. ದೋಷವಿದ್ದ ಅರ್ಜಿಯನ್ನು ‘ತಿರಸ್ಕರಿಸಿದೆ’ ಎಂಬ ಒಂದೇ ಪದದಿಂದ ಮುಗಿಸದೆ, ಏನು ದೋಷ, ಎಲ್ಲಿ ತಿದ್ದಬೇಕು ಎಂದು ಕನ್ನಡದಲ್ಲಿ ಸ್ಪಷ್ಟವಾಗಿ ಬರೆಯಬೇಕು. ರಾಜ್ಯದ ಪಾಲು ತಡವಾದರೆ ಕೇಂದ್ರದ ಪಾಲೂ ತಡವಾಗುವುದರಿಂದ ಖಜಾನೆಯವರು ಮೊದಲ ಕಂತನ್ನು ಮಳೆಗಾಲದೊಳಗೆ ಬಿಡುವಂತಾಗಬೇಕು. ಇದು ಕೃಷಿಕರು ಕೇಳಬಹುದಾದ ಸರಿಯಾದ ಬೇಡಿಕೆ. ಇದನ್ನು ಕೇಳಲು ಗ್ರಾಮಸಭೆಯೇ ಸರಿಯಾದ ಜಾಗ.

ಊರಿನವರು ಮಾಡಬಹುದಾದದ್ದೂ ಇದೆ. ಪ್ರತಿ ಗ್ರಾಮದಲ್ಲಿ ಪದವಿ ಮುಗಿಸಿದ ಇಬ್ಬರು ಯುವಕ ಯುವತಿಯರು ಗ್ರಾಮ ಪಂಚಾಯತಿನ ಗ್ರಂಥಾಲಯದಲ್ಲಿ ವಾರಕ್ಕೊಮ್ಮೆ ಎರಡು ಗಂಟೆ ಕುಳಿತು ಕಾಲೇಜು ಮಕ್ಕಳ ಪಟ್ಟಿ ಇಡಲಿ: ಹೆಸರು, ಯಾವ ವೇತನ, ಅರ್ಜಿ ಹಾಕಿದ ತಾರೀಖು, ಈಗ ಯಾರ ಕೈಯಲ್ಲಿದೆ. ಒಬ್ಬ ಕೃಷಿಕ ಹೋಗಿ ಕೇಳಿದರೆ ಅದು ಅವನ ಅಹವಾಲು. ‘ನಮ್ಮ ಗ್ರಾಮದ ಇಷ್ಟು ಅರ್ಜಿಗಳು ಇಷ್ಟು ದಿವಸದಿಂದ ನಿಮ್ಮಲ್ಲಿವೆ’ ಎಂದು ಪಟ್ಟಿ ಮುಂದಿಟ್ಟರೆ ಅದು ಗ್ರಾಮದ ಲೆಕ್ಕ. ಲೆಕ್ಕಕ್ಕೆ ಉತ್ತರ ಕೊಡದೆ ಇರುವುದು ಕಷ್ಟ.

ಕೆಲವು ಪ್ರಶ್ನೆಗಳು

ಪ್ರಶ್ನೆ: ಕಳೆದ ವರ್ಷ ವೇತನ ಬಂದಿತ್ತು. ಈ ವರ್ಷ ತಾನಾಗಿ ಬರುವುದಿಲ್ಲವೇ?
ಉತ್ತರ: ಹೆಚ್ಚಿನ ವೇತನಗಳಿಗೆ ವರ್ಷ ವರ್ಷವೂ ನವೀಕರಿಸಬೇಕು. ಕೇಂದ್ರದ ಪ್ರತಿಭಾ ವೇತನಕ್ಕೆ ಪರೀಕ್ಷೆಯಲ್ಲಿ ನೂರಕ್ಕೆ ಐವತ್ತು ಅಂಕ, ಹಾಜರಿ ನೂರಕ್ಕೆ ಎಪ್ಪತ್ತೈದು ಇರಬೇಕು. ನವೀಕರಿಸಲು ಮರೆತರೆ ಪುನಃ ಹೊಸ ಅರ್ಜಿಗೆ ಅವಕಾಶ ಸಿಗುವುದಿಲ್ಲ.

ಪ್ರಶ್ನೆ: ನಮಗೆ ಕಂಪ್ಯೂಟರ್ ಗೊತ್ತಿಲ್ಲ. ಬೇರೆಯವರ ಕೈಯಲ್ಲಿ ಹಾಕಿಸಬಹುದೇ?
ಉತ್ತರ: ಗ್ರಾಮ ಒನ್ ಕೇಂದ್ರದಲ್ಲಿಯೋ ತಿಳಿದವರಲ್ಲಿಯೋ ಹಾಕಿಸಬಹುದು. ಆದರೆ ಮೊಬೈಲ್ ಸಂಖ್ಯೆ ವಿದ್ಯಾರ್ಥಿಯದೋ ಮನೆಯವರದೋ ಆಗಿರಬೇಕು. ಬೇರೆಯವರ ಸಂಖ್ಯೆ ಕೊಟ್ಟರೆ ‘ಅರ್ಜಿ ದೋಷವಿದೆ’ ಎಂಬ ಸಂದೇಶ ಅವರಿಗೆ ಹೋಗುತ್ತದೆ, ನಿಮಗೆ ತಿಳಿಯುವುದಿಲ್ಲ. ಗುಪ್ತಪದವನ್ನು ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಹಣ ಬೇಗ ಮಾಡಿಸಿಕೊಡುತ್ತೇನೆಂದು ಒಬ್ಬರು ಹಣ ಕೇಳುತ್ತಾರೆ. ಕೊಡಬಹುದೇ?
ಉತ್ತರ: ಕೊಡಕೂಡದು. ಹಣ ನೇರವಾಗಿ ಖಾತೆಗೆ ಬರುವ ಕಾರಣ ಮಧ್ಯವರ್ತಿಯ ಅಗತ್ಯವೇ ಇಲ್ಲ. ದೂರವಾಣಿಯಲ್ಲಿ ಬಂದ ಗುಪ್ತ ಸಂಖ್ಯೆಯನ್ನು ಯಾರಿಗೂ ಹೇಳಬಾರದು.

ಪ್ರಶ್ನೆ: ಆದಾಯದ ಮಿತಿ ಎಷ್ಟು?
ಉತ್ತರ: ವೇತನಕ್ಕೊಂದು ಮಿತಿಯಿದೆ. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವೇತನಕ್ಕೆ ಕುಟುಂಬದ ವರಮಾನ ವರ್ಷಕ್ಕೆ ಎರಡೂವರೆ ಲಕ್ಷ ರೂಪಾಯಿಯೊಳಗೆ ಇರಬೇಕೆಂದು ಕೇಂದ್ರದ ನಿಯಮ. ಉಳಿದವುಗಳ ಮಿತಿಯನ್ನು ತಾಲೂಕಿನ ಆಯಾ ಇಲಾಖೆಯಲ್ಲಿ ಕೇಳಿ ತಿಳಿಯಿರಿ.

ಕೃಷಿಕ ಬಂಧುಗಳೇ, ಒಂದು ಮಾತನ್ನು ಎಲ್ಲರೂ ನೆನಪಿಡಬೇಕು. ‘ಅರ್ಜಿ ಹಾಕಿದ್ದೇವೆ, ಬಂದರೆ ಬಂತು’ ಎಂದು ಸುಮ್ಮನೆ ಕುಳಿತರೆ ಆಗದು. ಅರ್ಜಿ ಇಂದು ಯಾರ ಕೈಯಲ್ಲಿದೆ ಎಂಬುದಕ್ಕೆ ಮನೆಯಲ್ಲಿ ಯಾವಾಗಲೂ ಉತ್ತರ ಇರಬೇಕು, ಆ ಉತ್ತರಕ್ಕೆ ಒಂದು ಚೀಟಿಯೂ ಇರಬೇಕು. ಮನೆಯ ಪೆಟ್ಟಿಗೆಯಲ್ಲಿ ಪಹಣಿ, ಪಾಸ್‌ಪುಸ್ತಕಗಳ ಜೊತೆಗೆ ಮಕ್ಕಳ ವಿದ್ಯಾರ್ಥಿವೇತನದ ಕಾಗದಗಳಿಗೂ ಒಂದು ಕಟ್ಟು ಇರಲಿ. ಈ ಲೇಖನವನ್ನು ಓದಲು ಬಾರದ ನೆರೆಮನೆಯವರಿಗೆ ಓದಿ ಹೇಳಿರಿ. ಈ ವರ್ಷ ಪಿ.ಯು.ಸಿ. ಮುಗಿಸುವ ಮಕ್ಕಳಿರುವ ಮನೆಯವರು ಪತ್ತನಾಜೆಯನ್ನು ಕಾಯದೆ ಇಂದೇ ಪ್ರಮಾಣಪತ್ರದ ತಾರೀಖನ್ನು ತೆಗೆದು ನೋಡಿರಿ.